ಟಾಕ್ ಟಾಕ್‌ನ ಏಳನೇ ಹಾಡು

ಲಂಡನ್

ಚಿ. ತಮ್ಮನಿಗೆ ಅಣ್ಣನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು.

‘ಇಟ್ಸ್ ಮೈ ಲೈಫ್’ ಹಾಡಿದವರೇ ‘ಸ್ಪಿರಿಟ್ ಆಫ್ ಈಡನ್’ ಆಲ್ಬಮ್ ಮಾಡಿದ್ದಾ ಅಂತ ಕೇಳಿದ್ದೀಯ. ಹೌದು, ಇಂಗ್ಲೆಂಡಿನ ಅದೇ ಟಾಕ್ ಟಾಕ್ ಬ್ಯಾಂಡ್. ಒಂದು 1984ರದ್ದು, ಇನ್ನೊಂದು 1988ರದ್ದು. ಪಾಪ್ ಬಿಟ್ಟು ಮೌನ ತುಂಬಿದ ಸಂಗೀತಕ್ಕೆ ರಾತ್ರೋರಾತ್ರಿ ಬದಲಾದರು ಅನ್ನುವವರು ನಡುವಿನ 1986ರ ‘ದ ಕಲರ್ ಆಫ್ ಸ್ಪ್ರಿಂಗ್’ ಆಲ್ಬಮ್‌ನ ಏಳನೇ ಹಾಡನ್ನು ಕೇಳಿಲ್ಲ ಅಂತಲೇ ಅರ್ಥ. ಹೆಸರು ‘ಕಮೀಲಿಯನ್ ಡೇ’. ಮೂರೂವರೆ ನಿಮಿಷವೂ ಇಲ್ಲ. ಹಿಂದೆ ‘ಗಿವ್ ಇಟ್ ಅಪ್’, ಮುಂದೆ ಎಂಟು ನಿಮಿಷದ ‘ಟೈಮ್ ಇಟ್ಸ್ ಟೈಮ್’. ಆ ಎರಡರ ನಡುವೆ ಇದನ್ನು ಯಾರೂ ಗಮನಿಸುವುದಿಲ್ಲ.

ಡ್ರಮ್ಸ್ ಇಲ್ಲ, ಬೇಸ್ ಗಿಟಾರ್ ಇಲ್ಲ. ಇರುವುದು ಪಿಯಾನೊ, ಬ್ಯಾಂಡಿನ ಗಾಯಕ ಮಾರ್ಕ್ ಹೊಲಿಸ್ ಕಂಠ, ಜೊತೆಗೆ ವೇರಿಯೊಫೋನ್. ಅದು ಬಾಯಲ್ಲಿ ಊದಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಉಸಿರು ಹೆಚ್ಚು ಕಡಿಮೆಯಾದ ಹಾಗೆ ದನಿಯೂ ಏರಿಳಿಯುತ್ತದೆ. ಮೈಸೂರಿನ ವಿ.ವಿ. ಮೊಹಲ್ಲಾ 8ನೇ ಕ್ರಾಸ್ ಗಣೇಶೋತ್ಸವದ ಸಂಗೀತ ಕಚೇರಿ ಕೇಳಿದ ಕಿವಿಗೆ ಇದೇನೂ ಕಷ್ಟವಲ್ಲ, ತಾಳ ಶುರುವಾಗುವ ಮುಂಚಿನ ಆಲಾಪನೆ ಕೇಳಿದ ಹಾಗೆ ಕೇಳು.

ಕೆಡುವುದು ಫೋನಿನ ಸೆಟ್ಟಿಂಗಿನಲ್ಲಿ. ಆಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸ್ ಆಫ್ ಮಾಡು. ಅದು ಆನ್ ಇದ್ದರೆ ಮೆಲುದನಿಯ ಹಾಡನ್ನು ಎತ್ತಿ ಪಕ್ಕದ ಹಾಡಿನ ಮಟ್ಟಕ್ಕೆ ತಂದುಬಿಡಬಹುದು. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸು, ಇಲ್ಲದಿದ್ದರೆ ಕೊನೆಯ ಮೌನದ ಮೇಲೆ ಮುಂದಿನ ಹಾಡು ಹತ್ತುತ್ತದೆ. ಬೇಸ್ ಬೂಸ್ಟ್ ಬೇಡ, ಷಫಲ್ ಬೇಡ, ಫ್ಯಾನೂ ಬೇಡ. ‘ಗಿವ್ ಇಟ್ ಅಪ್’ ಓಡುವಾಗಲೇ ಸಾಕಷ್ಟು ವಾಲ್ಯೂಮ್ ಇಟ್ಟುಕೊಂಡು ಆಮೇಲೆ ಕೈ ಹಚ್ಚಬೇಡ. ಶುರುವಿನಲ್ಲಿ ಕೇಳಿಸುತ್ತಿಲ್ಲ ಅಂತ ಏರಿಸಿದೆಯೋ, ನಡುವೆ ಹೊಲಿಸ್ ಗಂಟಲು ತೆರೆದಾಗ ಕಿವಿಗೆ ಹೊಡೆಯುತ್ತದೆ. ಪಿಸುಮಾತಿಗೂ ಆ ಕೂಗಿಗೂ ಇರುವ ದೂರವೇ ಈ ಹಾಡಿನ ಜೀವ.

ಕೀಬೋರ್ಡಿನಲ್ಲಿ ನುಡಿಸಿ ನೋಡುತ್ತೀಯಾದರೆ ಟಚ್ (ಒತ್ತಿದಷ್ಟೇ ದನಿ ಬರುವ ಸೆಟ್ಟಿಂಗ್) ಆನ್ ಇರಲಿ, ರಿದಂ ಆಫ್ ಇರಲಿ. ಸಸ್ಟೇನ್ ಪೆಡಲ್ ಪೂರ್ತಿ ಒತ್ತಿಕೊಂಡೇ ಕೂತರೆ ಸ್ವರಗಳೆಲ್ಲ ಕಲಸಿಹೋಗುತ್ತವೆ. ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಬದಲಾದಾಗಲೆಲ್ಲ ಬಿಟ್ಟು ಒತ್ತು. ಹಾಡುವವನ ಉಸಿರು ಮುಗಿಯುವವರೆಗೆ ಮುಂದಿನ ಕಾರ್ಡಿಗೆ ಕಾಯಬೇಕು. ಟಿಕ್ ಟಿಕ್ ಅಂತ ಲಯ ಹಿಡಿಯುವ ಮೆಟ್ರೊನೋಮ್ ಹಾಕಿದರೆ ಇದು ಕೂರುವುದಿಲ್ಲ.

ಅದಾದ ಮೇಲೆ ‘ಸ್ಪಿರಿಟ್ ಆಫ್ ಈಡನ್’ ಹಾಕು. ಇಲ್ಲೇ ಹೈಬರಿಯ ವೆಸೆಕ್ಸ್ ಸ್ಟುಡಿಯೋದಲ್ಲಿ, ದೀಪ ಆರಿಸಿದ ಕೋಣೆಯಲ್ಲಿ ಕಲಾವಿದರಿಂದ ಗಂಟೆಗಟ್ಟಲೆ ಮನೋಧರ್ಮದಂತೆ ನುಡಿಸಿ, ಅದರಲ್ಲಿ ಚೂರುಪಾರು ಮಾತ್ರ ಉಳಿಸಿಕೊಂಡು ಮಾಡಿದ್ದು. ಮೊದಲ ಮೂರು ಹಾಡು ಒಂದಕ್ಕೊಂದು ಬೆಸೆದುಕೊಂಡಿವೆ, ಸುಮಾರು 23 ನಿಮಿಷ. ಮಧ್ಯೆ ನಿಲ್ಲಿಸಬೇಡ. ಅಮ್ಮ ಊಟಕ್ಕೆ ಕರೆಯುವ ಹೊತ್ತಿನಲ್ಲಂತೂ ಶುರು ಮಾಡಲೇಬೇಡ.

ಇಂತಿ ನಿನ್ನ,
ಅಣ್ಣ