ಪೀಣ್ಯ ಜಾಬ್‌ವರ್ಕ್ ಮಿತ್ರರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅರ್ಧ ಅಡ್ವಾನ್ಸ್ ಕೊಡದ ಪಾರ್ಟಿಯ (ನಮ್ಮ ಹತ್ತಿರ ಪೀಸ್ ಮಾಡಿಸೋ ಗಿರಾಕಿಯ) ಕೆಲಸ ಮುಟ್ಟಲೇಬಾರದು ಅಂತ ನಿನ್ನೆಯಿಂದ ಚರ್ಚೆ ನಡೀತಿದೆ. ಹಾಗೆ ಹಠ ಹಿಡಿದು ಕೂತರೆ ಲೇತ್‌ಗೆ ಧೂಳು ಹಿಡಿಯುತ್ತೆ, ಅಷ್ಟೇ. ಅಡ್ವಾನ್ಸ್ ವಿಚಾರದಲ್ಲಿ ಸ್ವಲ್ಪ ಸಡಿಲ ಬಿಡಿ. ಆದರೆ ಡ್ರಾಯಿಂಗ್‌ನಲ್ಲಿ ಅಳತೆ ಬದಲಾಗಿದೆ ಅಂತ ಫೋನಲ್ಲಿ ಹೇಳಿದರೆ ಒಪ್ಪಬೇಡಿ, ಮೆಸೇಜಲ್ಲಾದರೂ ಬರೆಸಿಕೊಳ್ಳಿ. ರಿಜೆಕ್ಟ್ ಆದ ಪೀಸಿನ ಜಗಳ ಹುಟ್ಟೋದೇ ಅಲ್ಲಿ.

ಬಿಲ್ ಹಣ ಕೊಡೋಕೆ 90 ದಿನ ಕೇಳೋ ಪಾರ್ಟಿಗೆ ಮೊದಲೇ ಹೇಳಿ: 2006ರ ಎಂಎಸ್‌ಎಂಇಡಿ ಕಾಯ್ದೆ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ) ಪ್ರಕಾರ ಮಾಲು ಒಪ್ಪಿದ ಮೇಲೆ ಹಣ ಕೊಡೋದು, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15. ನಿಮ್ಮ ಉದ್ಯಮ್ ನೋಂದಣಿ (ಇಂಥ ಉದ್ಯಮಗಳಿಗೆ ಸರ್ಕಾರ ಕೊಡೋ ನೋಂದಣಿ) ನಂಬರ್ ಬಿಲ್ ಮೇಲೆ ಹಾಕಿಸಿ. ಹಳೇ ಪಾರ್ಟಿ ವಾರ ತಡ ಮಾಡಿದ್ದಕ್ಕೆಲ್ಲ ಕಾನೂನು ಓದಬೇಡಿ, ಒಂದು ಫೋನ್ ಸಾಕು. ಫೋನೇ ಎತ್ತದಿದ್ದರೆ ಮುಂದಿನ ಲಾಟ್ ತಡೆಹಿಡಿಯಿರಿ.