ಪ್ಯಾನೆಲ್ ಬದಲಿಸುವ ಮೊದಲು ಕೇಬಲ್ ನೋಡಿ

ಮಾನ್ಯ ಸಂಪಾದಕರೇ,

ನಾನು ಟಿ.ವಿ. ರಿಪೇರಿ ಮಾಡುವವನು. ಹೋದ ವಾರ ಒಬ್ಬ ಅಜ್ಜಿ ಟಿ.ವಿ. ತಂದರು. ಪರದೆ ತುಂಬ ಗೆರೆ. ಬೇರೆ ಅಂಗಡಿಯಲ್ಲಿ ‘ಪ್ಯಾನೆಲ್ಲೇ ಹೋಗಿದೆ’ ಅಂದಿದ್ದರಂತೆ. ಬಿಚ್ಚಿದರೆ ಎಲ್‌ವಿಡಿಎಸ್ ಕೇಬಲ್‌ನ (ಬೋರ್ಡಿನಿಂದ ಪರದೆಯ ಪ್ಯಾನೆಲ್‌ಗೆ ಚಿತ್ರದ ಸಿಗ್ನಲ್ ಒಯ್ಯುವ ಕೇಬಲ್) ಪಿನ್ ಮೇಲೆ ಹಸಿರು ಕಿಲುಬು, ಅಷ್ಟೇ!

ಈ ಕೇಬಲ್‌ನಲ್ಲಿ ತಂತಿಗಳು ಜೋಡಿ ಜೋಡಿ. ಸುಮಾರು 3.5 ಮಿಲಿಆಂಪ್ ಕರೆಂಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ತುದಿಯ 100 ಓಮ್ ರೆಸಿಸ್ಟರ್ ಮೇಲೆ ಸಿಗುವುದು ಬರೀ 350 ಮಿಲಿವೋಲ್ಟ್. ಕರೆಂಟಿನ ದಿಕ್ಕು ತಿರುಗಿದರೆ ‘1’ ಹೋಗಿ ‘0’ ಆಗುತ್ತದೆ. ವೋಲ್ಟೇಜಿನ ಏರಿಳಿತ ಇಷ್ಟು ಚಿಕ್ಕದಾದ್ದರಿಂದಲೇ ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ (ಇಂಥ 1, 0ಗಳು) ಓಡುತ್ತವೆ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಹೆಚ್ಚುಕಡಿಮೆ ಒಂದೇ ಥರ ತಾಗುತ್ತದೆ. ರಿಸೀವರ್ ನೋಡುವುದು ವ್ಯತ್ಯಾಸ ಮಾತ್ರ, ಹಾಗಾಗಿ ಗದ್ದಲ ಕಳೆದುಹೋಗುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ? ಆದರೆ ಜೋಡಿಯ ಒಂದು ಪಿನ್ ಕೆಟ್ಟರೂ ಚಿತ್ರ ಹಾಳು.

ಓದುಗರೇ, ಸುಮ್ನೆ ಪ್ಯಾನೆಲ್‌ಗೆ ದುಡ್ಡು ಕೊಡಬೇಡಿ. ಮೊದಲು ಆ ಕೇಬಲ್ ಬಿಚ್ಚಿ ತೋರಿಸಲು ಹೇಳಿ. ಅಜ್ಜಿಯ ಟಿ.ವಿ.ಯ ಆ ಪಿನ್‌ಗೆ ಸ್ಪಿರಿಟ್ ಹಾಕಿ ಒರೆಸಿದೆ, ಚಿತ್ರ ಬಂತು.

– ಟಿ.ವಿ. ಮೆಕ್ಯಾನಿಕ್, ತಿಪಟೂರು