ಪೂರ್ತಿ ನ್ಯೂಟ್ರಲ್, ಹೊಸ ದರ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ನಮ್ಮ ವರ್ಕ್‌ಶಾಪಿನ ಕರೆಂಟ್ ಪ್ಯಾನೆಲ್ಲುಗಳ ಹೊಸ ಕೊಟೇಶನ್ ನೋಡಿ ಬಹಳ ಮಂದಿ ಫೋನ್ ಮಾಡಿದ್ದೀರಿ, ಕೆಲವರು ಸಿಟ್ಟಿನಲ್ಲೇ. ದರ ಏರಿದ್ದು ನಿಜ. ಹಳೇ ಲೆಕ್ಕದಲ್ಲಿ ದುಡ್ಡು ಹೊಂದಿಸಿಕೊಂಡವರಿಗೆ ತೊಂದರೆ ಆಗಿದೆ, ಕ್ಷಮೆ ಇರಲಿ. ಆದರೆ ಈ ಬದಲಾವಣೆಯನ್ನು ನಾವು ಹಿಂದೆ ತೆಗೆದುಕೊಳ್ಳುವುದಿಲ್ಲ.

ಬದಲಾಗಿದ್ದು ಇಷ್ಟೇ. ಫೇಸ್ ಅಂದರೆ ಕರೆಂಟ್ ತರುವ ತಂತಿ, ನ್ಯೂಟ್ರಲ್ ಅಂದರೆ ಅದು ಮರಳಿ ಹೋಗುವ ತಂತಿ. ಅಂಗಡಿ, ಆಸ್ಪತ್ರೆ, ಆಫೀಸು, ಅಪಾರ್ಟ್‌ಮೆಂಟಿನ ತ್ರೀ ಫೇಸ್ ಪ್ಯಾನೆಲ್‌ಗಳಲ್ಲಿ ಇನ್ನು ಅರ್ಧ ನ್ಯೂಟ್ರಲ್, ಅಂದರೆ ಫೇಸಿನ ಅರ್ಧದಷ್ಟೇ ದಪ್ಪದ ನ್ಯೂಟ್ರಲ್, ಇಲ್ಲ. ನ್ಯೂಟ್ರಲ್ ಬಸ್‌ಬಾರ್ (ಪ್ಯಾನೆಲ್ಲಿನೊಳಗೆ ಕರೆಂಟ್ ಹಂಚುವ ತಾಮ್ರದ ಪಟ್ಟಿ) ಫೇಸಿನಷ್ಟೇ ದಪ್ಪ ಇರುತ್ತದೆ. ಕೇಬಲ್ಲೂ ಮೂರೂವರೆ ಕೋರ್ (ಮೂರು ಪೂರ್ತಿ ತಂತಿ, ನ್ಯೂಟ್ರಲ್ ಅರ್ಧ) ಬದಲು ನಾಲ್ಕು ಕೋರ್. 70 ಸ್ಕ್ವೇರ್ ಎಂಎಂನ ಮೂರೂವರೆ ಕೋರಿನಲ್ಲಿ ನ್ಯೂಟ್ರಲ್ ಬರೀ 35 ಅಲ್ವಾ?

ಎಲ್ಲರ ಬಾಯಲ್ಲೂ ಒಂದೇ ಮಾತು: “ಮೂರು ಫೇಸ್ ಇದ್ದಾಗ ನ್ಯೂಟ್ರಲ್‌ನ್ಯಾಗ ಕರೆಂಟ್ ಎಲ್ಲಿ ಬರ್ತೈತ್ರಿ? ಸುಮ್ನ ಬಿಲ್ ಏರಸಾಕ ಹಚ್ಚೀರಿ.”

ಈ ಮಾತು ಅರ್ಧ ಸರಿ. ನಮ್ಮೂರಿನ ನೇಕಾರರ ಬಡಾವಣೆಗಳಾದ ವಡಗಾವಿ, ಖಾಸಬಾಗದಲ್ಲಿ ಮಗ್ಗದ ತ್ರೀ ಫೇಸ್ ಮೋಟರುಗಳಷ್ಟೇ ಓಡುವಾಗ ಮೂರೂ ಫೇಸಿನ ಕರೆಂಟ್ ಒಂದನ್ನೊಂದು ಹೊಡೆದುಹಾಕುತ್ತದೆ. ನ್ಯೂಟ್ರಲ್‌ಗೆ ಕೆಲಸವೇ ಇಲ್ಲ. ಈಗ ನಿಮ್ಮ ಅಂಗಡಿಯಲ್ಲಿ ಏನಿದೆ ನೋಡಿ: ಎಲ್ಇಡಿ ದೀಪ, ಕಂಪ್ಯೂಟರ್, ಯುಪಿಎಸ್, ಸಿಸಿಟಿವಿ. ಇವು ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ತುಂಡು ತುಂಡಾಗಿ ಎಳೆಯುತ್ತವೆ. ಅದರಿಂದ 50 ಹರ್ಟ್ಸ್ ಜೊತೆಗೆ 150 ಹರ್ಟ್ಸಿನ ಕರೆಂಟೂ ಹುಟ್ಟುತ್ತದೆ. ಇದೇ ಮೂರನೇ ಹಾರ್ಮೋನಿಕ್. ಇದು ಮೂರೂ ಫೇಸಿನಲ್ಲಿ ಒಂದೇ ಹೊತ್ತಿಗೆ ಏರಿ ಇಳಿಯುವುದರಿಂದ ನ್ಯೂಟ್ರಲ್‌ನಲ್ಲಿ ಕಳೆಯುವುದಿಲ್ಲ, ಕೂಡುತ್ತದೆ. ಒಂದೊಂದು ಫೇಸಿನ 50 ಆಂಪಿಯರ್‌ನಲ್ಲಿ 20 ಈ ಜಾತಿಯದಾದರೆ, ಲೋಡ್ ಎಷ್ಟೇ ಸರಿಯಾಗಿ ಹಂಚಿದರೂ ನ್ಯೂಟ್ರಲ್‌ನಲ್ಲಿ 60 ಆಂಪಿಯರ್. ಫೇಸಿಗಿಂತ ಜಾಸ್ತಿ! ಅಂತರರಾಷ್ಟ್ರೀಯ ನಿಯಮ ಐಇಸಿ 60364 ಇದನ್ನೇ ಹೇಳುತ್ತದೆ. ಫೇಸ್ ಕರೆಂಟಿನಲ್ಲಿ ಈ ಹಾರ್ಮೋನಿಕ್ ಪಾಲು 15 ಪರ್ಸೆಂಟ್ ದಾಟಿದರೆ ಅರ್ಧ ನ್ಯೂಟ್ರಲ್ ಹಾಕುವಂತಿಲ್ಲ. 33 ದಾಟಿದರೆ ಕೇಬಲ್ ಸೈಜನ್ನು ನ್ಯೂಟ್ರಲ್ ಕರೆಂಟ್ ನೋಡಿಯೇ ಆರಿಸಬೇಕು.

ಫೇಸ್ ಬಿಸಿಯಾದರೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ನ್ಯೂಟ್ರಲ್ ಮೇಲೆ ಸಾಮಾನ್ಯವಾಗಿ ಅಂಥ ಕಾವಲಿಲ್ಲ. ತಂತಿಯ ತುದಿ ಜೋಡಿಸುವ ಲಗ್ ಸುಟ್ಟು ನ್ಯೂಟ್ರಲ್ ಕಡಿದರೆ 230 ವೋಲ್ಟಿನ ಟಿವಿ, ಫ್ರಿಜ್ಜಿಗೆ 400ರ ಹತ್ತಿರ ನುಗ್ಗಬಹುದು. ಆಗ ಬೈಗುಳ ಪ್ಯಾನೆಲ್ ಮಾಡಿದವರಿಗೇ.

ಇನ್ನು ದುಡ್ಡಿನ ಮಾತು. 25×3 ಎಂಎಂ ನ್ಯೂಟ್ರಲ್ ಬಸ್‌ಬಾರ್ ಇದ್ದಲ್ಲಿ 25×6 ಎಂಎಂ ಹಾಕಿದರೆ ಮೀಟರಿಗೆ ಸುಮಾರು 670 ಗ್ರಾಂ ತಾಮ್ರ ಜಾಸ್ತಿ. ತಾಮ್ರದ ರೇಟು ಉದ್ಯಮಬಾಗದಲ್ಲಿ ಕೂತ ನಾವು ಬರೆಯುವುದಲ್ಲ. 2024ರ ಮೇ ತಿಂಗಳಲ್ಲಿ ಲಂಡನ್ ಪೇಟೆಯಲ್ಲಿ ಅದು ಟನ್ನಿಗೆ 11,000 ಡಾಲರ್ ದಾಟಿತ್ತು. ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದೂ ನಮ್ಮ ಜೇಬಿಗಲ್ಲ. “ಬೇರೆಯವರು ಕಡಿಮೆಗೆ ಕೊಡ್ತಾರೆ” ಅಂದವರಿಗೆ ಒಂದೇ ವಿನಂತಿ, ಅವರ ಪ್ಯಾನೆಲ್ಲಿನ ನ್ಯೂಟ್ರಲ್ ಪಟ್ಟಿಯ ದಪ್ಪ ಅಳೆದು ನೋಡಿ.

ರೈತ ಬಂಧುಗಳು ಗಾಬರಿಯಾಗುವುದು ಬೇಡ. ಬೋರ್‌ವೆಲ್ಲಿನ ತ್ರೀ ಫೇಸ್ ಮೋಟರಿಗೆ ನ್ಯೂಟ್ರಲ್ ಬೇಕಿಲ್ಲ, ಪಂಪ್ ಪ್ಯಾನೆಲ್ ದರ ಹಾಗೇ ಇದೆ. ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರದಲ್ಲೇ ಪೂರ್ತಿ ನ್ಯೂಟ್ರಲ್ ಕೊಡುತ್ತೇವೆ, ಅದು ನಮ್ಮ ಮಾತು.

ನಮ್ಮ ಹಳೇ ಪ್ಯಾನೆಲ್ ಇದ್ದವರು ಫೋನ್ ಮಾಡಿ. ನಮ್ಮ ಹುಡುಗರು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ನ್ಯೂಟ್ರಲ್ ನೋಡಿಕೊಡುತ್ತಾರೆ, ದುಡ್ಡು ಬೇಡ. ಲೋಡೆಲ್ಲ ಚಾಲೂ ಇರುವ ಸಂಜೆ ಹೊತ್ತಿಗೇ ಕರೆಯಿರಿ. ಅಲ್ಲಿಯವರೆಗೆ ಪ್ಯಾನೆಲ್ ಬಾಗಿಲು ನೀವಾಗಿ ತೆರೆಯಬೇಡಿ.

ನಿಮ್ಮವರೇ,
ಪ್ಯಾನೆಲ್ ವರ್ಕ್‌ಶಾಪಿನ ಪರವಾಗಿ
ಉದ್ಯಮಬಾಗ, ಬೆಳಗಾವಿ